ಶೂ ಬಿಟ್ಟು ಬರಿಗಾಲಲ್ಲಿ ಓಡಿದರೆ ಮಂಡಿನೋವು ಮಾಯವಾಗುತ್ತದೆಯೇ? ಫಾರ್ವರ್ಡ್‌ನಲ್ಲಿ ಇಲ್ಲದ ಅರ್ಧ ಸಂಗತಿ

"ಶೂ ಕಂಪನಿಗಳು ಮುಚ್ಚಿಟ್ಟ ಸತ್ಯ! ನಾಳೆಯಿಂದಲೇ ಶೂ ಬಿಟ್ಟು ಮಣ್ಣಿನ ಹಾದಿಯಲ್ಲಿ ಬರಿಗಾಲಲ್ಲಿ ಓಡಿ. 21 ದಿನಗಳಲ್ಲಿ ಮಂಡಿನೋವು ಮಾಯ. ನಮ್ಮ ಹಿರಿಯರೇನು ಶೂ ಹಾಕಿದ್ದರೇ? ಹತ್ತು ಜನರಿಗೆ ಕಳುಹಿಸಿ."

ಈ ಧಾಟಿಯ ಸಂದೇಶ ನಿಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಮಗೆ ಇದನ್ನು ಕಳುಹಿಸಿದವರು ನಮ್ಮ ತಂಡದಲ್ಲೊಬ್ಬರ ತಂದೆ. ಅವರು ಕಳುಹಿಸಿ ಸುಮ್ಮನಾಗಲಿಲ್ಲ. ಮರುದಿನ ಬೆಳಿಗ್ಗೆಯೇ ಚಪ್ಪಲಿ ಬಿಟ್ಟು ಬಡಾವಣೆಯ ಹಿಂದಿರುವ ಗುಡ್ಡದ ಹಾದಿ ಹಿಡಿದರು. ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಆಮೇಲೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ಈ ಸಂದೇಶದಲ್ಲಿ ನಿಜ ಎಷ್ಟು, ಬಿಟ್ಟುಹೋಗಿರುವುದು ಏನು ಎಂದು ನೋಡೋಣ.

ಈ ಮಾತು ಎಲ್ಲಿಂದ ಬಂತು?

ಬರಿಗಾಲಿನ ಓಟದ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ಹೆಸರು ಇಥಿಯೋಪಿಯಾದ ಅಬೆಬೆ ಬಿಕಿಲ. ಅವರು 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಬರಿಗಾಲಲ್ಲಿ ಓಡಿ ಗೆದ್ದರು. ಇದು ನಿಜ. ಆದರೆ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಬಿಕಿಲ ಶೂ ಹಾಕಿಕೊಂಡು ಓಡಿ ಮತ್ತೆ ಚಿನ್ನ ಗೆದ್ದರು. ಅದೂ ಮೊದಲಿಗಿಂತ ಸುಮಾರು ಮೂರು ನಿಮಿಷ ಕಡಿಮೆ ಸಮಯದಲ್ಲಿ. ಫಾರ್ವರ್ಡ್‌ಗಳಲ್ಲಿ ಈ ಎರಡನೇ ಸಂಗತಿ ಇರುವುದಿಲ್ಲ.

2009ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಮ್ಯಾಕ್‌ಡೂಗಲ್ ಬರೆದ 'ಬಾರ್ನ್ ಟು ರನ್' ಪುಸ್ತಕ ಬರಿಗಾಲಿನ ಓಟದ ದೊಡ್ಡ ಅಲೆಯನ್ನೇ ಎಬ್ಬಿಸಿತು. ಅದರಲ್ಲಿ ಮೆಕ್ಸಿಕೋದ ಕಣಿವೆಗಳಲ್ಲಿ ನೂರಾರು ಕಿಲೋಮೀಟರ್ ಓಡುವ ರಾರಾಮುರಿ ಜನರ ವಿವರವಿದೆ. ಆದರೆ ಅವರು ಓಡುವುದು ಬರಿಗಾಲಲ್ಲಿ ಅಲ್ಲ, ತೆಳು ಅಟ್ಟೆಯ ಚಪ್ಪಲಿಯಲ್ಲಿ. ಈಗೀಗ ಅದನ್ನು ಹಳೆ ಟೈರಿನಿಂದ ಮಾಡಿಕೊಳ್ಳುತ್ತಾರೆ. ನಮ್ಮೂರುಗಳ ಟೈರ್ ಚಪ್ಪಲಿ ನೆನಪಿಸಿಕೊಳ್ಳಿ.

ನಮ್ಮಲ್ಲೂ ಇಂಥದ್ದೇ ಒಂದು ಸುದ್ದಿ ಓಡಾಡಿತ್ತು. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು ಬರಿಗಾಲಲ್ಲಿ 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ '9.55 ಸೆಕೆಂಡು, ಉಸೇನ್ ಬೋಲ್ಟ್‌ಗಿಂತ ವೇಗ' ಎಂದು ಎಲ್ಲರೂ ಹಂಚಿದರು. ಅವರ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಮುಂದೆ ಎಳೆಯುವ ಕೋಣಗಳು, ಕಾಲಡಿಯ ಕೆಸರು, ವರ್ಷಗಳ ಅಭ್ಯಾಸ ಈ ಲೆಕ್ಕದಲ್ಲಿ ಬರಲೇ ಇಲ್ಲ. ಬರಿಗಾಲಿನ ಬಹುತೇಕ ಫಾರ್ವರ್ಡ್‌ಗಳ ಕಥೆ ಇದೇ. ಫಲಿತಾಂಶ ಹೇಳುತ್ತವೆ, ಅದರ ಹಿಂದಿನ ವರ್ಷಗಳನ್ನು ಬಿಡುತ್ತವೆ.

ನಿಜ ಎಷ್ಟಿದೆ?

ಸಂದೇಶ ಪೂರ್ತಿ ಸುಳ್ಳಲ್ಲ. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶೂ ಹಾಕಿ ಓಡುವವರಲ್ಲಿ ಹೆಚ್ಚಿನವರು ಮೊದಲು ಹಿಮ್ಮಡಿ ಊರುತ್ತಾರೆ. ಮೊದಲಿನಿಂದಲೂ ಬರಿಗಾಲಲ್ಲಿ ಓಡಿ ರೂಢಿಯಿರುವವರು ಹೆಚ್ಚಾಗಿ ಪಾದದ ಮುಂಭಾಗ ಊರುತ್ತಾರೆ. ಹಾಗೆ ಊರಿದಾಗ ಕಾಲು ನೆಲಕ್ಕೆ ತಾಗುವ ಕ್ಷಣದ ಹೊಡೆತ ಕಡಿಮೆ ಇರುತ್ತದೆ, ನೆಲ ಗಟ್ಟಿಯಾಗಿದ್ದರೂ.

ಆದರೆ ಬರಿಗಾಲಿನವರೆಲ್ಲ ಹೀಗೆಯೇ ಓಡುತ್ತಾರೆ ಎನ್ನಲಾಗದು. 2013ರಲ್ಲಿ ಉತ್ತರ ಕೀನ್ಯಾದ ದಾಸನಾಚ್ ಜನರನ್ನು ಅಧ್ಯಯನ ಮಾಡಿದಾಗ, ಅವರು ತಮಗೆ ಹಿತವೆನಿಸಿದ ವೇಗದಲ್ಲಿ ಓಡುವಾಗ ಹೆಚ್ಚಿನ ಹೆಜ್ಜೆಗಳಲ್ಲಿ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದುದು ಕಂಡುಬಂತು. ಅವರೂ ಬರಿಗಾಲಿನವರೇ. ಅಂದರೆ ಶೂ ತೆಗೆದ ಮಾತ್ರಕ್ಕೆ ಓಟದ ಶೈಲಿ ತಾನಾಗಿ ಬದಲಾಗುವುದಿಲ್ಲ.

ಹೊರೆ ಕರಗುವುದಿಲ್ಲ, ಜಾಗ ಬದಲಿಸುತ್ತದೆ

ಓಡುವಾಗ ಪ್ರತಿ ಹೆಜ್ಜೆಯಲ್ಲೂ ದೇಹದ ಭಾರವನ್ನು ಯಾವುದೋ ಒಂದು ಅಂಗ ತಡೆದುಕೊಳ್ಳಲೇಬೇಕು. ಪಾದದ ಮುಂಭಾಗ ಊರಿ ಓಡಿದರೆ ಮಂಡಿಯ ಮೇಲಿನ ಹೊರೆ ಕಡಿಮೆಯಾಗುತ್ತದೆ. ಆ ಹೊರೆ ಮೀನಖಂಡ, ಹಿಮ್ಮಡಿಯ ಹಿಂದಿನ ನರದಂಥ ದಪ್ಪ ಹುರಿ ಮತ್ತು ಪಾದದ ಸಣ್ಣ ಮೂಳೆಗಳಿಗೆ ವರ್ಗಾವಣೆಯಾಗುತ್ತದೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 201 ಓಟಗಾರರನ್ನು ಒಂದು ವರ್ಷ ಗಮನಿಸಲಾಯಿತು. ಬರಿಗಾಲಿನವರಲ್ಲಿ ಮೀನಖಂಡದ ತೊಂದರೆ ಹೆಚ್ಚು, ಮಂಡಿ ಮತ್ತು ಸೊಂಟದ ತೊಂದರೆ ಕಡಿಮೆ. ಓಡಿದ ದೂರಕ್ಕೆ ಹೋಲಿಸಿದಾಗ ಒಟ್ಟು ಗಾಯಗಳ ಪ್ರಮಾಣದಲ್ಲಿ ಎರಡೂ ಗುಂಪುಗಳಿಗೆ ದೊಡ್ಡ ವ್ಯತ್ಯಾಸವಿರಲಿಲ್ಲ.

ಪಾದಕ್ಕೆ ಹೊಂದಿಕೊಳ್ಳುವ ತೆಳು ಶೂಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಇವನ್ನು ಮಿನಿಮಲಿಸ್ಟ್ ಶೂ ಎನ್ನುತ್ತಾರೆ. ಅಟ್ಟೆ ತೆಳು, ಸುಲಭವಾಗಿ ಬಾಗುತ್ತದೆ, ಹಿಮ್ಮಡಿ ಮತ್ತು ಬೆರಳುಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುತ್ತವೆ. ಐದು ಬೆರಳಿಗೂ ಬೇರೆ ಬೇರೆ ಜಾಗವಿರುವ ವೈಬ್ರಮ್ ಫೈವ್‌ಫಿಂಗರ್ಸ್ ಇವುಗಳಲ್ಲಿ ಪ್ರಸಿದ್ಧ. ಶೂ ಬಗ್ಗೆ ಹೇಳಿಕೊಂಡ ಆರೋಗ್ಯದ ಲಾಭಗಳಿಗೆ ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದಲ್ಲಿ ಗ್ರಾಹಕರು ಹೂಡಿದ ಮೊಕದ್ದಮೆಯನ್ನು ಆ ಕಂಪನಿ 2014ರಲ್ಲಿ 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ತಪ್ಪನ್ನು ಅದು ಒಪ್ಪಿಕೊಳ್ಳಲಿಲ್ಲ.

21 ದಿನ ಏಕೆ ಸಾಲುವುದಿಲ್ಲ?

ಓಡಲು ಶುರು ಮಾಡಿದ ಕೆಲವೇ ವಾರಗಳಲ್ಲಿ ಉಸಿರಾಟ ಸುಧಾರಿಸುತ್ತದೆ. ಅಂಗಾಲಿನ ಚರ್ಮವೂ ಬೇಗ ಗಟ್ಟಿಯಾಗುತ್ತದೆ. ಆಗ 'ಇನ್ನೂ ಎರಡು ಕಿಲೋಮೀಟರ್ ಓಡಬಲ್ಲೆ' ಅನ್ನಿಸುತ್ತದೆ. ಆದರೆ ಮೂಳೆ ಅಷ್ಟು ಬೇಗ ಸಿದ್ಧವಾಗುವುದಿಲ್ಲ.

ಹಳೆ ಗೋಡೆ ರಿಪೇರಿ ಮಾಡುವ ಗಾರೆಯವರನ್ನು ನೋಡಿರುತ್ತೀರಿ. ಮೊದಲು ಸಡಿಲವಾದ ಗಾರೆಯನ್ನೆಲ್ಲ ಕೆತ್ತಿ ತೆಗೆಯುತ್ತಾರೆ, ಆಮೇಲೆ ಹೊಸ ಗಾರೆ ಮೆತ್ತುತ್ತಾರೆ. ಮೂಳೆಯೂ ಹಾಗೆಯೇ. ಹೊಸ ಹೊರೆ ಬಿದ್ದಾಗ ಒಂದು ಬಗೆಯ ಜೀವಕೋಶಗಳು ಹಳೆ ಮೂಳೆಯನ್ನು ಕರಗಿಸುತ್ತವೆ, ನಂತರ ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಕೆಡವುವ ಕೆಲಸ ಕೆಲವು ವಾರಗಳಲ್ಲಿ ಮುಗಿದರೆ, ಕಟ್ಟುವ ಕೆಲಸಕ್ಕೆ ತಿಂಗಳುಗಳೇ ಬೇಕು. ನಡುವಿನ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಫಾರ್ವರ್ಡ್ ಹೇಳುವ 21ನೇ ದಿನ ಸರಿಯಾಗಿ ಈ ನಡುವಿನಲ್ಲೇ ಬೀಳುತ್ತದೆ.

2013ರ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಓಟದ ಅನುಭವವಿದ್ದ 36 ಜನರಲ್ಲಿ 19 ಮಂದಿ 10 ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ತೆಳು ಶೂಗೆ ಬದಲಾದರು, ಉಳಿದ 17 ಮಂದಿ ತಮ್ಮ ಹಳೆಯ ಶೂಗಳಲ್ಲೇ ಓಡಿದರು. ಕೊನೆಯಲ್ಲಿ ಎಂಆರ್‌ಐ ತೆಗೆದಾಗ ತೆಳು ಶೂನವರಲ್ಲಿ 10 ಮಂದಿಯ ಪಾದದ ಮೂಳೆಗಳಲ್ಲಿ ಅತಿಯಾದ ಒತ್ತಡದ ಊತ ಕಂಡಿತು. ಹಳೆ ಶೂನವರಲ್ಲಿ ಅಂಥ ಊತ ಕಂಡದ್ದು ಒಬ್ಬರಲ್ಲಿ ಮಾತ್ರ. ನೆನಪಿಡಿ, ಇವರು ಒಂದೇ ದಿನಕ್ಕೆ ಶೂ ಬಿಸಾಡಿದವರಲ್ಲ. 10 ವಾರಗಳೂ ಹಲವರಿಗೆ ಸಾಲಲಿಲ್ಲ.

'ನಮ್ಮ ಹಿರಿಯರು ಶೂ ಹಾಕಿದ್ದರೇ?'

ಶೂ ಹಾಕಿರಲಿಕ್ಕಿಲ್ಲ. ಆದರೆ ಕೆರ, ಎಕ್ಕಡ, ಮೆಟ್ಟು, ಜೋಡು, ಹಾವುಗೆ ಎಂದು ಕನ್ನಡದಲ್ಲಿ ಕಾಲಿಗೆ ಹಾಕುವುದಕ್ಕೆ ಇಷ್ಟೊಂದು ಹೆಸರುಗಳಿವೆ. ಎಲ್ಲರೂ ಬರಿಗಾಲಲ್ಲೇ ಇದ್ದಿದ್ದರೆ ಇಷ್ಟು ಹೆಸರು ಬೇಕಿರಲಿಲ್ಲ. ಬರಿಗಾಲಲ್ಲಿ ಇದ್ದವರಲ್ಲಿ ಹಲವರಿಗೆ ಅದು ಆಯ್ಕೆಯೂ ಆಗಿರಲಿಲ್ಲ. ಬಡತನ ಒಂದು ಕಾರಣವಾದರೆ, ಮೇಲ್ಜಾತಿಯವರ ಕೇರಿಯಲ್ಲಿ ಚಪ್ಪಲಿ ಮೆಟ್ಟಬಾರದೆಂಬ ಕಟ್ಟಳೆ ಇನ್ನೊಂದು. ಅಂಗಾಲಿನ ಮೂಲಕ ದೇಹ ಸೇರುವ ಕೊಕ್ಕೆಹುಳು, ಗಾಯದಿಂದ ಬರುವ ಧನುರ್ವಾಯು ಆ ಬರಿಗಾಲಿನ ಬೆಲೆಯಾಗಿದ್ದವು.

ಇನ್ನೊಂದು ಮಾತು. ಅವರ ಪಾದ ನಡೆಯಲು ಕಲಿತ ದಿನದಿಂದಲೇ ತಯಾರಾಗುತ್ತಿತ್ತು. ಮೂವತ್ತು ವರ್ಷ ಶೂ ಹಾಕಿ, ಆಫೀಸಿನಲ್ಲಿ ಕುಳಿತ ಪಾದಕ್ಕೆ ಅದೇ ಶಕ್ತಿ ಮೂರು ವಾರದಲ್ಲಿ ಬರುವುದಿಲ್ಲ.

ಹಾಗಾದರೆ ಹೇಗೆ ಶುರು ಮಾಡಬೇಕು?

ಆಸೆಯಿದ್ದರೆ ಖಂಡಿತ ಮಾಡಬಹುದು. ಅವಸರ ಮಾತ್ರ ಬೇಡ.

1. ಮೊದಲು ನಡಿಗೆ. 2019ರ ಒಂದು ಅಧ್ಯಯನದಲ್ಲಿ ತೆಳು ಶೂ ಹಾಕಿ ಬರೀ ನಡೆದಾಡಿದವರ ಪಾದದ ಸ್ನಾಯುಗಳೂ 8 ವಾರಗಳಲ್ಲಿ ಗಟ್ಟಿಯಾದವು. ಪಾದದ ವ್ಯಾಯಾಮ ಮಾಡಿದವರಷ್ಟೇ ಲಾಭ ಅವರಿಗೂ ಸಿಕ್ಕಿತು. ಆದ್ದರಿಂದ ಮೊದಲ ಒಂದೆರಡು ತಿಂಗಳು ದಿನಕ್ಕೆ 15-20 ನಿಮಿಷ ನಡೆಯಿರಿ, ಓಡಬೇಡಿ.

2. ಜೊತೆಗೆ ಮನೆಯಲ್ಲಿ ವ್ಯಾಯಾಮ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ನೆಲದ ಮೇಲಿನ ಟವೆಲನ್ನು ಕಾಲ್ಬೆರಳುಗಳಿಂದ ಎಳೆಯುವುದು, ಒಂಟಿಕಾಲಲ್ಲಿ ನಿಲ್ಲುವುದು.

3. ನಂತರ ಚೂರು ಓಟ. ಲೀಬರ್‌ಮನ್ ತಂಡದ ಸಲಹೆ ಹೀಗಿದೆ: ಮೊದಲ ವಾರ ದಿನ ಬಿಟ್ಟು ದಿನ 400 ಮೀಟರಿನಿಂದ ಹೆಚ್ಚೆಂದರೆ 1.6 ಕಿ.ಮೀ., ಆಮೇಲೆ ವಾರಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು. ನೀವೇ ಲೆಕ್ಕ ಹಾಕಿ. 400 ಮೀಟರಿನಿಂದ ಶುರು ಮಾಡಿದವರು 12 ವಾರಗಳ ನಂತರ ಸುಮಾರು ಒಂದೂಕಾಲು ಕಿಲೋಮೀಟರಿಗೆ ಬಂದಿರುತ್ತಾರೆ. ಉಳಿದ ಓಟಕ್ಕೆ ಹಳೆ ಶೂ ಇದ್ದೇ ಇದೆ.

4. ಶುರು ಮಾಡಲು ಸ್ವಚ್ಛವಾದ, ಸಮತಟ್ಟಾದ, ಗಟ್ಟಿ ನೆಲ ಒಳ್ಳೆಯದು. ಹುಲ್ಲು ಮೆತ್ತಗಿರುತ್ತದೆ ನಿಜ, ಆದರೆ ಮುಳ್ಳು, ಗಾಜಿನ ಚೂರನ್ನು ಮರೆಮಾಡುತ್ತದೆ. ಜೋರಾಗಿ ಕಾಲು ಅಪ್ಪಳಿಸುವ ತಪ್ಪೂ ಅಲ್ಲಿ ಗೊತ್ತಾಗುವುದಿಲ್ಲ.

5. ಮೀನಖಂಡ ಎರಡು ದಿನ ಬಿಗಿಯಾದರೆ ಸಹಜ. ಪಾದದ ಮೇಲ್ಭಾಗದಲ್ಲಿ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ನೋವಾದರೆ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಮೂಳೆಯ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. 'ಎಕ್ಸ್‌ರೇ ಸರಿಯಿದೆ' ಎಂದು ಮತ್ತೆ ಓಡಬೇಡಿ.

ಕಾಡುಹಾದಿಗೆ ಇಳಿಯುವಾಗ

ಗುಡ್ಡ, ಕಾಡು, ತೋಟದ ಹಾದಿಗಳು ಎಲ್ಲಕ್ಕಿಂತ ಕೊನೆಯ ಹಂತ. ಅಲ್ಲಿ ಪ್ರತಿ ಹೆಜ್ಜೆಗೂ ನೆಲ ಬೇರೆ: ಬೇರು, ಜಲ್ಲಿ, ಜಾರುವ ಎಲೆ. ಮೊದಲು ಅದೇ ಹಾದಿಯನ್ನು ನಡೆದು ನೋಡಿ. ಓಡುವಾಗ ಹೆಜ್ಜೆ ಚಿಕ್ಕದಿರಲಿ, ಕಣ್ಣು ಮೂರು ನಾಲ್ಕು ಹೆಜ್ಜೆ ಮುಂದಿರಲಿ. ಇಳಿಜಾರಿನಲ್ಲಿ ಕಾಲಿಗೆ ಹೊಡೆತ ಹೆಚ್ಚು, ಬಹಳ ದಿನ ನಡೆದೇ ಇಳಿಯಿರಿ.

ನಮ್ಮ ಹಾದಿಗಳಿಗೆ ಪೂರ್ತಿ ಬರಿಗಾಲಿಗಿಂತ ತೆಳು ಅಟ್ಟೆಯ ಶೂ ಹೆಚ್ಚು ಸುರಕ್ಷಿತ. ಜಾಲಿಮುಳ್ಳು, ಒಡೆದ ಬಾಟಲಿ, ಹಾವು ಯಾವುದೂ ಫಾರ್ವರ್ಡ್ ಓದಿರುವುದಿಲ್ಲ. ಮಳೆಗಾಲದಲ್ಲಿ ನಿಂತ ನೀರು, ಕೆಸರಿನಿಂದ ಕಾಲಿನ ಗಾಯದ ಮೂಲಕ ಇಲಿಜ್ವರ ತಗಲಬಹುದು. ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ತರಗೆಲೆಗಳಲ್ಲಿರುವ ಉಣುಗುಗಳು ಮಂಗನ ಕಾಯಿಲೆ ತರಬಹುದು. ಆ ದಿನಗಳಲ್ಲಿ ಕಾಡಿಗೆ ಹೋಗುವವರು ಕಾಲು ಮುಚ್ಚಿಕೊಳ್ಳುವುದೇ ಸರಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದೆಯೇ ಎಂದೂ ನೋಡಿಕೊಳ್ಳಿ.

ಯಾರು ಈ ಪ್ರಯೋಗ ಮಾಡಬಾರದು?

ಈಗ ಆ ತಂದೆಯವರ ವಿಷಯ. ಮೂರನೇ ದಿನ ಅವರ ಅಂಗಾಲಿಗೆ ಮುಳ್ಳು ಚುಚ್ಚಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಹಾಸಿಗೆಯ ಮೇಲೆ ಕಲೆ ಕಂಡು ಪಾದ ತಿರುಗಿಸಿ ನೋಡಿದ್ದು ಮನೆಯಲ್ಲಿ ಅಮ್ಮ. ಅಷ್ಟರಲ್ಲಿ ಕೀವಾಗಿತ್ತು. ಆರು ವಾರ ಡ್ರೆಸ್ಸಿಂಗ್ ಮಾಡಿಸಿದ ಮೇಲೆ ಗಾಯ ಮಾಯಿತು. 'ನೋವೇ ಇರಲಿಲ್ಲವಲ್ಲ' ಎಂದು ಅವರು ಈಗಲೂ ಹೇಳುತ್ತಾರೆ. ಅಪಾಯ ಇರುವುದೇ ಅಲ್ಲಿ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಪಾದದ ನರಗಳು ಮಂದವಾಗಬಹುದು. ಗಾಯ ತಿಳಿಯುವುದಿಲ್ಲ, ಬೇಗ ಮಾಯುವುದೂ ಇಲ್ಲ. ಕೆಲವರು ಬೆರಳನ್ನೋ ಪಾದವನ್ನೋ ಕಳೆದುಕೊಳ್ಳುವುದು ಇಂಥ ಸಣ್ಣ ಗಾಯದಿಂದಲೇ.

ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು, ಪಾದ ಜೋಮು ಹಿಡಿಯುವವರು, ಕಾಲಿನ ರಕ್ತಸಂಚಾರದ ತೊಂದರೆ ಇರುವವರು ಬರಿಗಾಲಿನ ಓಟಕ್ಕೆ ಇಳಿಯಬಾರದು. ಮೂಳೆ ಸವೆತ ಇರುವವರು, ಹಿಂದೆ ಪಾದದ ಮೂಳೆ ಬಿರುಕು ಬಿಟ್ಟವರು ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಒಟ್ಟಿನಲ್ಲಿ ಹೇಳುವುದಾದರೆ

ಬರಿಗಾಲಿನ ಓಟದಿಂದ ಕೆಲವರ ಮಂಡಿಯ ಹೊರೆ ಕಡಿಮೆಯಾಗಬಹುದು, ಪಾದ ಬಲಗೊಳ್ಳಬಹುದು. ಇದು ನಿಜ. 21 ದಿನಗಳಲ್ಲಿ ನೋವು ಮಾಯ, ಎಲ್ಲರಿಗೂ ಒಳ್ಳೆಯದು, ನಾಳೆಯೇ ಶೂ ಬಿಸಾಡಿ ಎಂಬುದು ತಪ್ಪು. ಈಗಿನ ಶೂನಲ್ಲಿ ನೋವಿಲ್ಲದೆ ಓಡುತ್ತಿರುವವರು ಬದಲಾಯಿಸಲೇಬೇಕು ಎಂದೇನೂ ಇಲ್ಲ.

ಆ ಸಂದೇಶ ಮತ್ತೆ ಬಂದರೆ ಹತ್ತು ಜನರಿಗೆ ಕಳುಹಿಸುವ ಮೊದಲು ಆ ಹತ್ತು ಜನರಲ್ಲಿ ಸಕ್ಕರೆ ಕಾಯಿಲೆ ಇರುವವರು ಯಾರ್‍ಯಾರು ಎಂದು ಒಮ್ಮೆ ಎಣಿಸಿ ನೋಡಿ.