ಹೊಳೆಯಿಂದ ಸರಿದು ನಿಂತ ಊರು

ಹೊಳೆಯ ಮಗ್ಗುಲಲ್ಲಿ ಮನೆ ಮಾಡಿಕೊಳ್ಳಬೇಕೆಂಬ ಆಸೆಯು ನಮ್ಮವರಲ್ಲಿ ಬಹು ಹಳೆಯದು. ಸ್ನಾನಕ್ಕೂ ದೇವತಾರ್ಚನೆಗೂ ನೀರು ಹತ್ತಿರ. ಹಿತ್ತಲಿನಲ್ಲಿ ತೆಂಗು ಬಾಳೆಗಳು ಸೊಂಪಾಗಿ ಬೆಳೆಯುವುವು. ಕಟ್ಟಾಯ, ಗೊರೂರು, ಹೊಳೆನರಸೀಪುರಗಳ ಕಡೆಯ ಗೃಹಸ್ಥರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ಹೊಳೆಗೆ ಎಷ್ಟು ಸಮೀಪದಲ್ಲಿ ವಾಸಿಸಬಹುದು? ಹೊಳೆನರಸೀಪುರದಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ನಡುದಾರಿಯಲ್ಲಿ ಕಾಣುವ ಕೃಷ್ಣರಾಜನಗರವು ಈ ಪ್ರಶ್ನೆಗೆ ದೊರೆತ ಒಂದು ಉತ್ತರ.

ಅದಕ್ಕಿಂತ ಹಿಂದಿನದು ಎಡತೊರೆ. ಕಾವೇರಿಯ ದಡದಲ್ಲಿ ಅರ್ಕೇಶ್ವರಸ್ವಾಮಿಯ ಗುಡಿಯನ್ನಾಶ್ರಯಿಸಿ ಬೆಳೆದ ಈ ಊರು ತಾಲ್ಲೂಕಿನ ಕಸಬೆಯೂ ಆಗಿದ್ದಿತು. 1924ನೆಯ ಇಸವಿಯ ಜುಲೈ ತಿಂಗಳಿನಲ್ಲಿ ಕಾವೇರಿಯು ಮೈಸೂರು ಸೀಮೆಯಿಂದ ತಂಜಾವೂರಿನವರೆಗೂ ಹಾವಳಿ ಮಾಡಿದಳು. ಮಲೆಯಾಳ ದೇಶದವರು ಇಂದಿಗೂ ನೆನೆಯುವ ‘ತೊಂಬತ್ತೊಂಬತ್ತರ ಪ್ರವಾಹ’ವು ಆ ಮಳೆಗಾಲದ್ದೇ. ಎಡತೊರೆಯು ಬಹಳ ನಷ್ಟಕ್ಕೊಳಗಾಯಿತು. ಬಿದ್ದ ಮನೆಗಳನ್ನು ಬಿದ್ದಲ್ಲಿಯೇ ಎಬ್ಬಿಸುವುದಕ್ಕೆ ಬದಲಾಗಿ, ನದಿಯಿಂದ ಸರಿದು, ನಕ್ಷೆ ಬರೆದು, ಅಗಲವಾದ ಬೀದಿಗಳನ್ನು ಬಿಟ್ಟು ಹೊಸ ಊರನ್ನೇ ಕಟ್ಟಿದರು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಾಯಿತು.

ಊರೂ ತೋಟವೂ ಒಂದರೊಳಗೊಂದು ಇರಬೇಕೆಂದು ಇಂಗ್ಲೆಂಡಿನ ಎಬೆನೀಜರ್ ಹೋವರ್ಡ್ ಎಂಬವರು ಪುಸ್ತಕ ಬರೆದುದು 1898ರಲ್ಲಿ. ಅದೇ ವರ್ಷ ಬೆಂಗಳೂರಿಗೆ ಪ್ಲೇಗು ಬಂದು, ಮಲ್ಲೇಶ್ವರ ಬಸವನಗುಡಿಗಳು ಬೇಗಬೇಗನೆ ಬೆಳೆದುವು. ಅಲ್ಲಿಯವರು ಕಾರ್ಖಾನೆಯ ಹೊಗೆಗೆ ಬೇಸತ್ತು ಊರು ಬಿಟ್ಟರು; ನಮ್ಮವರು ಒಮ್ಮೆ ಮಾರಿಗೂ ಒಮ್ಮೆ ನೆರೆಗೂ ಅಂಜಿ ಬಿಟ್ಟರು. ಗಾಳಿ ಬೆಳಕಿನ ಮನೆಗಳು ನಮಗೆ ಬಂದುದು ಹೀಗೆ!

ಬಿಟ್ಟುಬಂದುದರಲ್ಲಿ ನಷ್ಟವಿರಲಿಲ್ಲವೆಂದಲ್ಲ. ಅರ್ಕೇಶ್ವರನು ಹೊಳೆಯ ದಡವನ್ನು ಬಿಟ್ಟು ಬರಲಿಲ್ಲ. ಹೊಸ ಊರಿನ ಹೆಂಗಸರಿಗೆ ನದೀಸ್ನಾನವೆಂಬುದು ನಿತ್ಯದ ಕೆಲಸವಾಗಿ ಉಳಿಯದೆ, ಹಬ್ಬದ ದಿನದ ಪ್ರಯಾಣವಾಯಿತೆಂದು ಊಹಿಸುವುದು ಕಷ್ಟವಲ್ಲ. ನಕ್ಷೆ ಬರೆಯುವ ಗಂಡಸರು ಈ ಲೆಕ್ಕವನ್ನು ಹಾಕುವುದು ವಿರಳ.

ನಮ್ಮ ಹೇಮಾವತಿಯ ಕಥೆ ಬೇರೆ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ಬಳಿಕ ನೀರೇ ಊರುಗಳ ಮೇಲೆ ಬಂದಿತು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯು ಮಳೆಗಾಲದಲ್ಲಿ ಹಿನ್ನೀರಿನೊಳಗೆ ನಿಲ್ಲುವುದನ್ನು ಅನೇಕರು ನೋಡಿರುವರು.

ಅಣೆಕಟ್ಟುಗಳಾದ ಮೇಲೆ ನೆರೆಯ ಭಯವು ತೀರಿತೆಂದು ನಂಬುವವರುಂಟು. 2018 ಮತ್ತು 2019ರ ಮಳೆಗಾಲಗಳಲ್ಲಿ ಕುಶಾಲನಗರದ ಹೊಳೆಯಂಚಿನ ಬಡಾವಣೆಗಳಿಗೆ ಅದೇ ಕಾವೇರಿಯು ನುಗ್ಗಿ, ಜನರು ಮನೆ ಬಿಟ್ಟು ಹೊರಡಬೇಕಾಯಿತು. ಹೊಳೆ ಕಾಣುವ ನಿವೇಶನಕ್ಕೆ ಬೆಲೆ ಹೆಚ್ಚು. ಅದನ್ನು ಕೊಳ್ಳಹೊರಟ ಗೃಹಸ್ಥರು ಬೇಸಗೆಯಲ್ಲಿ ಮಾತ್ರ ಸ್ಥಳವನ್ನು ನೋಡಿ ಮುಂಗಡ ಕೊಡದೆ, ಆಷಾಢ ಶ್ರಾವಣಗಳಲ್ಲಿ ಮತ್ತೊಮ್ಮೆ ಹೋಗಿಬರಲಿ. ಹಿಂದಿನ ನೆರೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು, ನಿವೇಶನ ಮಾರುವವರನ್ನಲ್ಲ, ಆ ದಡದಲ್ಲಿಯೇ ಬೆಳೆದ ಬೆಸ್ತರನ್ನೋ ಮಡಿವಾಳರನ್ನೋ ಕೇಳಲಿ.