ಪಟ್ಟಿ ಉರು ಹೊಡೆದರೆ ಇಂಗ್ಲಿಷ್ ಬಂದೀತೆ?

ಭಾನುವಾರ ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ತೆಂಗಿನಕಾಯಿ ಕೊಳ್ಳುವಾಗ ನಮ್ಮವರು ನಾಲ್ಕು ಮಂದಿ ಕೂಡಿದರೆ ಮೊದಲೆಲ್ಲ ಎರಡೇ ಪ್ರಶ್ನೆ ಕೇಳುತ್ತಿದ್ದರು: "ವರ್ಗ ಎಲ್ಲಿಗಾಯಿತು?" "ಊರಿಗೆ ಯಾವಾಗ ಹೋಗುತ್ತೀರಿ?" ಈಗ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡು ಮೊದಲೆರಡನ್ನೂ ಹಿಂದಕ್ಕೆ ತಳ್ಳಿದೆ: "ನಿಮ್ಮ ಹುಡುಗನಿಗೆ ಎಷ್ಟು ಬ್ಯಾಂಡ್ ಬಂತು?"

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿದು. ವಿದೇಶಕ್ಕೆ ಓದಲು ಹೋಗುವ ಮಕ್ಕಳಿರುವ ಮನೆಗಳಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂದು ಅದರಲ್ಲಿ ನಾಲ್ಕು ಭಾಗ. ಒಂದೊಂದಕ್ಕೂ ಸೊನ್ನೆಯಿಂದ ಒಂಬತ್ತರವರೆಗೆ ದರ್ಜೆ. ಬರವಣಿಗೆಗೆ ಒಂದು ಗಂಟೆ, ಎರಡು ಪ್ರಬಂಧ. ಒಂದು ಕನಿಷ್ಠ 150 ಪದದ್ದು, ಇನ್ನೊಂದು 250 ಪದದ್ದು. ಪರೀಕ್ಷಕರೊಡನೆ ಮಾತು 11ರಿಂದ 14 ನಿಮಿಷ. ಫಲಿತಾಂಶದ ಕಾಗದಕ್ಕೆ ಎರಡು ವರ್ಷದ ಆಯುಷ್ಯ. ಶುಲ್ಕ ಹದಿನೈದು ಸಾವಿರಕ್ಕೂ ಮಿಗಿಲು. ತರಬೇತಿಯ ಖರ್ಚು ಬೇರೆ.

ಪರೀಕ್ಷೆಯನ್ನು ಬೈಯಲು ನಾನು ಲೇಖನಿ ಹಿಡಿದಿಲ್ಲ. ಅದು ವ್ಯಾಪಾರವೂ ಹೌದು, ಸುಳ್ಳಲ್ಲ. 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ಭಾರತದಲ್ಲಿ ತಾನು ನಡೆಸುತ್ತಿದ್ದ ಈ ಪರೀಕ್ಷೆಯ ವ್ಯವಹಾರವನ್ನು ಆಸ್ಟ್ರೇಲಿಯದ ಐಡಿಪಿ ಕಂಪೆನಿಗೆ 13 ಕೋಟಿ ಪೌಂಡಿಗೆ ಮಾರಿತು. ಅಷ್ಟು ಹಣ ನಮ್ಮಂಥ ಮನೆಗಳ ಆಸೆಯಿಂದಲೇ ಹುಟ್ಟಬೇಕು. ಇರಲಿ. ಹೊರದೇಶದ ವಿಶ್ವವಿದ್ಯಾಲಯ ತನ್ನಲ್ಲಿಗೆ ಬರುವವನಿಗೆ ತನ್ನ ಪಾಠ ಅರ್ಥವಾಗುವುದೇ ಎಂದು ನೋಡುವುದು ತಪ್ಪಲ್ಲ. ನನ್ನ ಜಗಳ ಎರಡರ ಮೇಲೆ. ಒಂದು, ಪದಗಳ ಪಟ್ಟಿ ಹಂಚಿ ಅದನ್ನೇ ಇಂಗ್ಲಿಷ್ ಎನ್ನುವ ತರಬೇತಿಯ ಮೇಲೆ. ಇನ್ನೊಂದು, ಮಗುವಿನ ಇಂಗ್ಲಿಷ್ ಸುಧಾರಿಸಲಿ ಎಂದು ಮನೆಯಲ್ಲಿ ಕನ್ನಡವನ್ನೇ ನಿಲ್ಲಿಸಿಬಿಡುವ ನಮ್ಮ ಜಾಣತನದ ಮೇಲೆ.

ನಮ್ಮ ಮನೆಯದೇ ಕಥೆ ಹೇಳುತ್ತೇನೆ. ನನ್ನ ಮೊಮ್ಮಗಳು ಇಲ್ಲಿಯೇ ಹುಟ್ಟಿ ಇಲ್ಲಿಯೇ ಬೆಳೆದವಳು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಬಂಗಾಳಿ, ಟಿವಿಯಲ್ಲಿ ಹಿಂದಿ. ಕನ್ನಡ ನನ್ನೊಡನೆ ಮಾತ್ರ. ಅವಳು ಹತ್ತನೆಯ ತರಗತಿಗೆ ಬಂದಾಗ ಅವಳ ತಂದೆ, ಅಂದರೆ ನನ್ನ ಮಗನೇ, "ಅಪ್ಪಾ, ಇನ್ನು ಮೂರು ವರ್ಷ ಅವಳೊಡನೆ ಇಂಗ್ಲಿಷಿನಲ್ಲೇ ಮಾತಾಡಿ" ಎಂದು ಆಜ್ಞೆ ಮಾಡಿದ. ನಾನೂ ತಲೆಯಾಡಿಸಿದೆ. ಆ ತಪ್ಪಿನಲ್ಲಿ ನನಗೂ ಪಾಲಿದೆ.

ಮುಂದೆ ತರಬೇತಿ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ಎಂಟುನೂರು ಪದಗಳ ಪಟ್ಟಿಯೊಂದನ್ನು ಕೊಟ್ಟರು. ಎಲ್ಲ ವಿಷಯಕ್ಕೂ ಹೊಂದುವ ಪ್ರಬಂಧದ ಅಚ್ಚೊಂದನ್ನೂ ಕೊಟ್ಟರು. ನಡುವೆ ಬಿಟ್ಟ ಜಾಗದಲ್ಲಿ ವಿಷಯ ತುಂಬಿದರೆ ಮುಗಿಯಿತು. ಹುಡುಗಿ ಊಟ ನಿದ್ದೆ ಬಿಟ್ಟು ಉರು ಹೊಡೆದಳು. ಒಂದು ದಿನ ಅವಳು ಬರೆದ ಅಭ್ಯಾಸದ ಹಾಳೆ ನನ್ನ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ಹಿರಿಯರು ಅನೇಕರಿದ್ದಾರೆ ಎಂದು ಹೇಳಲು ಮನೆಯಲ್ಲಿ ಮುದುಕರ 'ಪ್ಲೆಥೋರಾ' ಇದೆ ಎಂದು ಬರೆದಿದ್ದಳು! ಪಟ್ಟಿಯಲ್ಲಿ ಆ ಪದದ ಮುಂದೆ 'ಬಹಳ' ಎಂದಷ್ಟೇ ಇತ್ತು. ಬೇಕಾದ್ದಕ್ಕಿಂತ ಹೆಚ್ಚಾಗಿ ಹೊರೆಯಾದದ್ದಕ್ಕೆ ಹೇಳುವ ಮಾತು ಅದು ಎಂದು ಪಟ್ಟಿ ಹೇಳಿರಲಿಲ್ಲ. ಮನೆಯ ಮುದುಕನಾದ ನನಗೆ ನಗುವೂ ಬಂತು, ಸ್ವಲ್ಪ ನೋವೂ ಆಯಿತು.

ಫಲಿತಾಂಶ ಬಂತು. ಕೇಳುವುದಕ್ಕೆ 7.5, ಓದುವುದಕ್ಕೆ 7, ಮಾತಿಗೆ 6.5, ಬರವಣಿಗೆಗೆ 5.5. ಒಟ್ಟು 6.5. ಅವಳು ಬಯಸಿದ ಕಡೆ ಒಟ್ಟು 6.5 ಸಾಕು, ಆದರೆ ಯಾವ ಭಾಗದಲ್ಲೂ 6ಕ್ಕೆ ಕಡಿಮೆ ಇರಬಾರದು. ಅರ್ಧ ಅಂಕದಲ್ಲಿ ಒಂದು ವರ್ಷ ಹೋಯಿತು. ಎಂಟುನೂರು ಪದ ಕಲಿತದ್ದು ಯಾವುದಕ್ಕಾಗಿಯೋ ಅಲ್ಲಿಯೇ ಸೋತಳು.

ಇದರಲ್ಲಿ ಆಶ್ಚರ್ಯವಿಲ್ಲ. ಬರವಣಿಗೆಗೆ ದರ್ಜೆ ಕೊಡುವ ಮಾನದಂಡಗಳನ್ನು ಪರೀಕ್ಷೆ ನಡೆಸುವವರೇ ಬಹಿರಂಗವಾಗಿ ಪ್ರಕಟಿಸಿದ್ದಾರೆ. ಅವು ನಾಲ್ಕು: ಕೇಳಿದ ಪ್ರಶ್ನೆಗೆ ಉತ್ತರವಿದೆಯೇ, ಮಾತಿನಿಂದ ಮಾತಿಗೆ ಸಂಬಂಧವಿದೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ. ಅರ್ಧ ಭಾಗ ವಿಚಾರಕ್ಕೂ ಜೋಡಣೆಗೂ ಸೇರಿದ್ದು. ಪದಸಂಪತ್ತಿನಲ್ಲಿಯೂ ಪದವನ್ನು ಸರಿಯಾದ ಜಾಗದಲ್ಲಿ ಇಟ್ಟಿದ್ದಾರೆಯೇ ಎಂದು ನೋಡುತ್ತಾರೆ. ಪೂರ್ತಿ ಬಾಯಿಪಾಠದ ಉತ್ತರವೆಂದು ರುಜುವಾತಾದರೆ ಸೊನ್ನೆ ಎಂದೂ ಅಲ್ಲಿಯೇ ಬರೆದಿದೆ. ಪರೀಕ್ಷೆಯವರು ಬೇಡವೆಂದು ಅಚ್ಚುಮಾಡಿದ್ದನ್ನೇ ನಾವು ದುಡ್ಡು ಕೊಟ್ಟು ಕಲಿಸುತ್ತಿದ್ದೇವೆ!

ಪದಕ್ಕೆ ಅರ್ಥ ಮಾತ್ರವಲ್ಲ, ಸಂಗಾತಿಯೂ ಇರುತ್ತದೆ. ನಾವು ಕಾಫಿ ಕುಡಿಯುತ್ತೇವೆ, ದೋಸೆ ತಿನ್ನುತ್ತೇವೆ, ಮಾತ್ರೆ ನುಂಗುತ್ತೇವೆ, ಬೀಡಿ ಸೇದುತ್ತೇವೆ. ನಮ್ಮ ಬಂಗಾಳಿ ನೆರೆಯವರು ಅನ್ನವನ್ನೂ ನೀರನ್ನೂ ಸಿಗರೇಟನ್ನೂ 'ಖಾಯ್' ಎಂಬ ಒಂದೇ ಕ್ರಿಯಾಪದದಿಂದ ಮುಗಿಸುತ್ತಾರೆ. ಇಂಗ್ಲಿಷಿನವನು ಮಾತ್ರೆಯನ್ನು 'ಟೇಕ್' ಮಾಡುತ್ತಾನೆ. ಕಲ್ಕತ್ತೆಯ ಕನ್ನಡ ಮಗುವಿಗೆ ಈ ಭೇದ ಹತ್ತು ವರ್ಷಕ್ಕೇ ಗೊತ್ತು. ಒಂದು ಭಾಷೆಯ ಪದವನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಡಲಾಗದು ಎಂಬ ಪಾಠ ಅದಕ್ಕೆ ಬೀದಿಯಲ್ಲೇ ಸಿಕ್ಕಿದೆ. ನಾವು ಅದನ್ನು ಬಳಸಿಕೊಳ್ಳುತ್ತಿಲ್ಲ.

ವ್ಯಾಕರಣದ ಮಾತೂ ಹೀಗೆಯೇ. 'ಬಂದೆ', 'ಬಂದಿದ್ದೇನೆ', 'ಬಂದಿದ್ದೆ' ಈ ಮೂರರ ಭೇದ ಬಲ್ಲ ಮಗುವಿಗೆ ಇಂಗ್ಲಿಷಿನ 'ಕೇಮ್', 'ಹ್ಯಾವ್ ಕಮ್', 'ಹ್ಯಾಡ್ ಕಮ್' ಹೊಸದಲ್ಲ. "ನಿನ್ನೆಯೇ ಬಂದಿದ್ದೇನೆ" ಎಂದು ಕನ್ನಡದಲ್ಲಿ ಹೇಳಬಹುದು, ಇಂಗ್ಲಿಷಿನಲ್ಲಿ 'ನಿನ್ನೆ' ಎಂದೊಡನೆ 'ಹ್ಯಾವ್' ಬಿಡಬೇಕು ಎಂದು ಒಂದು ಮಾತು ತಿಳಿಸಿದರೆ ಸಾಕು, ನಮ್ಮವರು ಜೀವಮಾನವಿಡೀ ಮಾಡುವ ಒಂದು ತಪ್ಪು ನಿಲ್ಲುತ್ತದೆ. 'ಎ', 'ದಿ' ನಮ್ಮಲ್ಲಿ ಇಲ್ಲವೆಂದು ಮಕ್ಕಳು ಕಂಗೆಡುತ್ತಾರೆ. ಆದರೆ "ಪುಸ್ತಕ ಓದಿದೆ" ಎನ್ನುವುದಕ್ಕೂ "ಪುಸ್ತಕವನ್ನು ಓದಿದೆ" ಎನ್ನುವುದಕ್ಕೂ ಭೇದವಿಲ್ಲವೆ? ಎರಡನೆಯದು ಬಹುಮಟ್ಟಿಗೆ ನಮಗೆ ಮೊದಲೇ ಗೊತ್ತಿರುವ ಪುಸ್ತಕ. ಎಲ್ಲ ಕಡೆಯೂ ಈ ಲೆಕ್ಕ ಸರಿಹೋಗದು, ಆದರೂ ಹೊಸ ಮನೆಯ ಬಾಗಿಲಿಗೆ ಇದೊಂದು ಬೀಗದ ಕೈ. ಕನ್ನಡವನ್ನೇ ಕಿತ್ತುಕೊಂಡ ಮೇಲೆ ಈ ಬೀಗದ ಕೈಯನ್ನು ಎಲ್ಲಿಂದ ತರುತ್ತೀರಿ?

"ಇಂಗ್ಲಿಷ್ ಬೇಡವೆನ್ನುತ್ತೀರಾ?" ಎಂದು ಕೆಲವರು ಹುಬ್ಬೇರಿಸಬಹುದು. ಖಂಡಿತ ಇಲ್ಲ. ಬೇಡವೆಂದವರ ಪಾಡನ್ನು ಈ ರಾಜ್ಯದಲ್ಲೇ ಕಂಡಿದ್ದೇವೆ. 1980ರ ದಶಕದ ಆರಂಭದಲ್ಲಿ ಇಲ್ಲಿಯ ಎಡರಂಗ ಸರ್ಕಾರ ಸರ್ಕಾರಿ ಪ್ರಾಥಮಿಕ ಶಾಲೆಗಳಿಂದ ಇಂಗ್ಲಿಷನ್ನು ತೆಗೆಯಿತು. ಉಳ್ಳವರು ಖಾಸಗಿ ಶಾಲೆಗೆ ಹೋದರು, ಇಲ್ಲದವರು ಉಳಿದರು. ಕೊನೆಗೆ ಅದೇ ಸರ್ಕಾರ ಹಂತಹಂತವಾಗಿ ಹಿಂದೆ ಸರಿದು 2004ರ ಹೊತ್ತಿಗೆ ಒಂದನೆಯ ತರಗತಿಗೇ ಇಂಗ್ಲಿಷನ್ನು ಮರಳಿ ತಂದಿತು. ಆ ತಪ್ಪನ್ನು ಮಾಡಿ ಎಂದು ನಾನು ಹೇಳುತ್ತಿಲ್ಲ. ಅದನ್ನೇ ತಿರುವುಮುರುವು ಮಾಡಿ ಮನೆಯಿಂದ ಕನ್ನಡವನ್ನು ತೆಗೆಯಬೇಡಿ ಎನ್ನುತ್ತಿದ್ದೇನೆ.

ಕನ್ನಡದ ಪರ ನಿಂತವರು ಇಂಗ್ಲಿಷ್ ಬಾರದವರು ಎಂಬ ಭ್ರಮೆಯೂ ಬೇಡ. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಎಂದು 1981ರಲ್ಲಿ ವರದಿ ಕೊಟ್ಟ ವಿ.ಕೃ. ಗೋಕಾಕರು ಜೀವಮಾನವಿಡೀ ಇಂಗ್ಲಿಷ್ ಕಲಿಸಿದ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಬಿ.ಎಂ. ಶ್ರೀಕಂಠಯ್ಯನವರು ಪಾಠ ಹೇಳಿದ್ದೂ ಇಂಗ್ಲಿಷನ್ನೇ. ಕುವೆಂಪು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದಾಗ ನಿನ್ನ ನುಡಿಯಲ್ಲೇ ಬರೆ ಎಂದು ತಿದ್ದಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಈ ಊರಿನಲ್ಲಿಯೂ ಅದೇ ಆಗಿತ್ತು. ಮೈಕೆಲ್ ಮಧುಸೂದನ ದತ್ತರು 1849ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಕಾವ್ಯ ಅಚ್ಚುಹಾಕಿಸಿದಾಗ ಬಂಗಾಳಿಯಲ್ಲಿ ಬರೆಯಲಿ ಎಂದು ಬುದ್ಧಿ ಹೇಳಿದವರು ಬೆಥೂನ್ ಸಾಹೇಬರು. 1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಮೊಟ್ಟಮೊದಲ ಬಿ.ಎ. ಪದವೀಧರರಿಬ್ಬರಲ್ಲಿ ಒಬ್ಬರಾದ ಬಂಕಿಮಚಂದ್ರರು ಕೃಪಾಂಕ ಪಡೆದೇ ಪಾಸಾದವರು! ಮೊದಲ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆದು ಬಂಗಾಳಿಗೆ ಮರಳಿದರು. ಮರಳಿದ್ದರಿಂದಲೇ ಬಿ. ವೆಂಕಟಾಚಾರ್ಯರ ಕೈಯಿಂದ ಅವರು ನಮ್ಮ ಅಜ್ಜಿಯರ ಮನೆಯವರೆಗೂ ಬಂದರು. ಇವರಾರೂ ಒಂದನ್ನು ಕಲಿಯಲು ಇನ್ನೊಂದನ್ನು ಕೊಂದವರಲ್ಲ.

ಇನ್ನೊಂದು ಆಕ್ಷೇಪಣೆ ಉಂಟು, ಅದರಲ್ಲಿ ತೂಕವೂ ಉಂಟು. "ಮಗುವಿಗೆ ಆಗಲೇ ಮೂರು ಭಾಷೆ. ಸಮಯ ಎಲ್ಲಿದೆ? ನಮಗೆ ಬೇಕಾದ್ದು ಅಂಕ, ಸಂಸ್ಕೃತಿಯಲ್ಲ." ಸಾಲ ಮಾಡಿ ಮಗುವನ್ನು ಕಳಿಸುವ ತಂದೆ ತಾಯಿ ಹೀಗೆನ್ನುವುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರಶ್ನೆಪತ್ರಿಕೆಯ ರೀತಿ, ಗಡಿಯಾರದ ಲೆಕ್ಕ ತಿಳಿಯಲು ಕೆಲವು ವಾರ ತರಬೇತಿ ಬೇಕಾದೀತು, ಕೊಡಿಸಿ. ಆದರೆ ಅಂಕವೇ ಬೇಕೆಂದರೂ ದಾರಿ ಇದೇ. "ನಗರದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಹೊಣೆ ಯಾರದು?" ಎಂಬಂಥ ಪ್ರಶ್ನೆ ಬಂದರೆ ಮಗುವಿನ ತಲೆಯಲ್ಲಿ ಮೊದಲು ಒಂದು ವಿಚಾರ ಇರಬೇಕು. ಆ ವಿಚಾರ ಹುಟ್ಟುವುದು ಮನೆಯ ಮಾತಿನಲ್ಲಿ. ಮನೆಯಲ್ಲಿ ತಪ್ಪುತಪ್ಪು ಇಂಗ್ಲಿಷಿನಲ್ಲಿ "ಕಮ್, ಈಟ್, ಗೋ" ಎಂದಷ್ಟೇ ಆಡಿದರೆ ಮಗುವಿಗೆ ಇಂಗ್ಲಿಷೂ ಬರದು, ಹೇಳಲು ವಿಷಯವೂ ಇರದು. ಅಜ್ಜಿಯೊಡನೆ ಮಾತು ನಿಂತುಹೋದದ್ದಂತೂ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಮೊಮ್ಮಗಳ ಕಥೆ ಮುಗಿಸುತ್ತೇನೆ. ಪಟ್ಟಿಯನ್ನು ಕಟ್ಟಿಟ್ಟೆವು. ಮೂರು ತಿಂಗಳು ದಿನಾ ರಾತ್ರಿ ಒಂದು ಗಂಟೆ. ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ಓದಿ ನನಗೆ ಕನ್ನಡದಲ್ಲಿ ಹೇಳಬೇಕು. ನಾನು ಒಪ್ಪದೆ ವಾದಿಸಬೇಕು. ಆಮೇಲೆ ಅವಳು ತನ್ನ ವಾದವನ್ನು ಸರಳ ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಬೇಕು. ಮೊದಲ ವಾರ ಕನ್ನಡ ತಡವರಿಸಿತು, ಇಂಗ್ಲಿಷೂ ತಡವರಿಸಿತು. ಎರಡೂ ಕೂಡಿಯೇ ಸುಧಾರಿಸಿದವು. ಎರಡನೆಯ ಸಲ ಬರವಣಿಗೆಗೆ 6.5 ಬಂತು. ಒಂದು ಮನೆಯ ಉದಾಹರಣೆಯಿಂದ ಸಿದ್ಧಾಂತ ಹುಟ್ಟುವುದಿಲ್ಲ, ಬಲ್ಲೆ. ಆದರೆ ಈ ಪ್ರಯೋಗಕ್ಕೆ ಖರ್ಚಾದದ್ದು ಒಂದು ನೋಟುಪುಸ್ತಕ ಮಾತ್ರ.

ಆದ್ದರಿಂದ ನನ್ನದೊಂದು ಸಲಹೆ. ನಮ್ಮ ಸಂಘದ ಕೋಣೆ ಭಾನುವಾರ ಬೆಳಿಗ್ಗೆ ಬೀಗ ಹಾಕಿಯೇ ಇರುತ್ತದೆ. ನಮ್ಮಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಪತ್ರ ಬರೆದವರಿದ್ದಾರೆ. ವಾರಕ್ಕೊಮ್ಮೆ ಒಂದೂವರೆ ಗಂಟೆ ಮಕ್ಕಳನ್ನು ಕೂರಿಸಿ ಎರಡೂ ಭಾಷೆಯಲ್ಲಿ ಓದಿಸಿ, ವಾದ ಮಾಡಿಸಿ, ಬರೆಸಿ, ತಿದ್ದೋಣ. ಓದಲು ಪುಸ್ತಕಕ್ಕೆ ಬರವಿಲ್ಲ. 1954ರ ಕಾಯಿದೆಯಂತೆ ಕನ್ನಡ ಪುಸ್ತಕಗಳ ಪ್ರತಿಯೂ ಸಲ್ಲಬೇಕಾದ ರಾಷ್ಟ್ರೀಯ ಗ್ರಂಥಾಲಯ ಇರುವುದು ನಮ್ಮ ಅಲಿಪುರದಲ್ಲೇ! ಬೆಂಗಳೂರಿನವರಿಗಿಲ್ಲದ ಭಾಗ್ಯ ನಮಗಿದೆ. ನಮ್ಮಲ್ಲಿ ಎಷ್ಟು ಮಂದಿ ಅದರ ಮೆಟ್ಟಿಲು ಹತ್ತಿದ್ದೇವೆ?

ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತುತ್ತೇನೆ. ಒಪ್ಪದವರು ಬಂದು ಜಗಳವಾಡಲಿ. ಕನ್ನಡದಲ್ಲಿ ಆಡಿದರೆ ಸಂತೋಷ, ಇಂಗ್ಲಿಷಿನಲ್ಲಿ ಆಡಿದರೂ ಅಭ್ಯಂತರವಿಲ್ಲ. ಪಟ್ಟಿಯಿಂದ ಆಯ್ದ ಪದಗಳನ್ನು ಮಾತ್ರ ಹೊರಗೇ ಬಿಟ್ಟು ಬರಬೇಕು.