ಓದದೆ ಹಾಕಿದ ಸಹಿ

ಕಳೆದ ತಿಂಗಳು ಅಸರ್ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲಿಳಿಯುತ್ತಿದ್ದಾಗ ಇಪ್ಪತ್ತೆರಡರ ಹರೆಯದ ಯುವಕನೋರ್ವ ನನ್ನನ್ನು ತಡೆದು ನಿಲ್ಲಿಸಿದ. ಕೈಯಲ್ಲಿ ಎರಡು ಹಾಳೆಯ ಕಾಗದ. "ಉಸ್ತಾದ್, ನಾಲ್ಕು ದಿನದಲ್ಲಿ ದುಬೈಗೆ ಹೊರಡಬೇಕು. ಇದಕ್ಕೆ ಸಹಿ ಹಾಕಿ ಕೊಡಲು ಹೇಳಿದ್ದಾರೆ. ಏನಿದೆ ಎಂದು ಸ್ವಲ್ಪ ನೋಡುತ್ತೀರಾ?" ಎಂದು ಕೇಳಿದ. ಎಡಬದಿಯಲ್ಲಿ ಇಂಗ್ಲಿಷ್, ಬಲಬದಿಯಲ್ಲಿ ಅರಬಿ. ಇಂಗ್ಲಿಷಿನಲ್ಲಿ ತಿಂಗಳಿಗೆ 2,500 ದಿರ್ಹಮ್ ಸಂಬಳವೆಂದು ಬರೆದಿತ್ತು. ಅರಬಿ ಭಾಗದಲ್ಲಿ ಅದೇ ಮೊತ್ತವನ್ನು ಒಡೆದು ಮೂಲವೇತನ 1,000, ಉಳಿದುದು ವಸತಿ ಮತ್ತು ಪ್ರಯಾಣ ಭತ್ಯೆ ಎಂದು ನಮೂದಿಸಲಾಗಿತ್ತು.

"ಒಟ್ಟು ಮೊತ್ತ ಒಂದೇ ಅಲ್ಲವೇ ಉಸ್ತಾದ್?" ಎಂದ ಹುಡುಗ. ತಿಂಗಳ ಕೊನೆಗೆ ಕೈಗೆ ಬರುವ ಹಣ ಒಂದೇ, ನಿಜ. ಆದರೆ ಯು.ಎ.ಇ.ಯ ಕಾನೂನಿನ ಪ್ರಕಾರ ಸೇವಾಂತ್ಯದಲ್ಲಿ ಕಾರ್ಮಿಕನಿಗೆ ಸಿಗುವ ಗ್ರಾಚ್ಯುಟಿಯನ್ನು ಲೆಕ್ಕ ಹಾಕುವುದು ಮೂಲವೇತನದ ಮೇಲೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಆ ಬಳಿಕ ವರ್ಷಕ್ಕೆ 30 ದಿನಗಳದ್ದು. ಮೂಲವೇತನ 2,500 ಆಗಿದ್ದರೆ ಐದು ವರ್ಷಕ್ಕೆ 8,750 ದಿರ್ಹಮ್, 1,000 ಆಗಿದ್ದರೆ 3,500 ದಿರ್ಹಮ್. ಸಹಿ ಹಾಕುವ ಆ ಅರ್ಧ ನಿಮಿಷದಲ್ಲಿ ಹುಡುಗ 5,250 ದಿರ್ಹಮನ್ನು ಬಿಟ್ಟುಕೊಡಲಿದ್ದ. ಬಿಟ್ಟುಕೊಡುತ್ತಿದ್ದೇನೆಂಬುದೂ ಅವನಿಗೆ ತಿಳಿದಿರಲಿಲ್ಲ.

ಅರ್ಧ ಶತಮಾನದಿಂದ ಕರಾವಳಿಯ ಮುಸ್ಲಿಮ್ ಮನೆಗಳ ಒಲೆ ಉರಿಯುತ್ತಿರುವುದು ಬಹುಮಟ್ಟಿಗೆ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ. ಭಟ್ಕಳದಿಂದ ಉಳ್ಳಾಲದವರೆಗೆ ಮಸೀದಿಗಳ ಮಿನಾರಗಳಲ್ಲಿ, ಹೆಣ್ಣುಮಕ್ಕಳ ಮದುವೆಗಳಲ್ಲಿ, ಶಾಲೆಗಳ ಕಟ್ಟಡಗಳಲ್ಲಿ ಆ ಬೆವರಿದೆ. ಹೀಗಿದ್ದೂ ಪರದೇಶದಲ್ಲಿ ನೆಲೆಯೂರಲು ಬೇಕಾದ ಕಾಗದಪತ್ರಗಳ ವಿಷಯದಲ್ಲಿ ನಾವು ಇಂದಿಗೂ ಮೊದಲ ತಲೆಮಾರಿನಷ್ಟೇ ಅಜ್ಞರಾಗಿರುವುದೇಕೆ?

ನಾವು ಬರವಣಿಗೆಯ ಮಹತ್ವವನ್ನು ಅರಿಯದ ಸಮುದಾಯವಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಕುರಿತಾಗಿದೆ? ಅಲ್ ಬಕರಃ ಅಧ್ಯಾಯದ 282ನೇ ಆ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಬರೆಯುವವನು ಹೇಗಿರಬೇಕು, ಯಾರು ಹೇಳಿ ಬರೆಸಬೇಕು, ಸಾಕ್ಷಿಗಳು ಯಾರು, ಮೊತ್ತ ಸಣ್ಣದೆಂದು ಉದಾಸೀನ ಮಾಡಬಾರದೇಕೆ ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಪ್ರತಿ ರಮಝಾನಿನ ತರಾವೀಹ್‌ನಲ್ಲಿ ಅದನ್ನು ಆಲಿಸುತ್ತೇವೆ. ಮರುದಿನ ಏಜೆಂಟನು ಮುಂದಿಟ್ಟ ಹಾಳೆಗೆ ಕಣ್ಣುಮುಚ್ಚಿ ಸಹಿ ಹಾಕುತ್ತೇವೆ.

ಹೀಗೆ ಬರೆಯುವಾಗ ನನ್ನ ಕಡೆಗೂ ಬೆರಳು ತೋರಿಸಬೇಕಾಗಿದೆ. ನನ್ನ ಸೋದರಮಾವ 19 ವರ್ಷ ಸೌದಿ ಅರೇಬಿಯಾದಲ್ಲಿ ದುಡಿದು 2011ರಲ್ಲಿ ಊರಿಗೆ ಮರಳಿದರು. ಕೆಲಸ ಮಾಡುತ್ತಿದ್ದ ಸಂಸ್ಥೆ ಅವರ ಕೈಗೆ ವಿಮಾನದ ಟಿಕೆಟನ್ನೂ ಎರಡು ತಿಂಗಳ ಸಂಬಳವನ್ನೂ ಕೊಟ್ಟು ಬೀಳ್ಕೊಟ್ಟಿತ್ತು. "ಒಳ್ಳೆಯ ಜನ, ಕೊನೆಗೂ ಕೈಬಿಡಲಿಲ್ಲ" ಎಂದು ಮಾವ ಎಲ್ಲರೊಡನೆ ಹೇಳಿಕೊಳ್ಳುತ್ತಿದ್ದರು. ನಾನಾಗ ಮದ್ರಸದ ಕೊನೆಯ ವರ್ಷದಲ್ಲಿದ್ದೆ. ಅರಬಿ ವ್ಯಾಕರಣದ ಗ್ರಂಥಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದೆ. ಮಾವ ಸಹಿ ಹಾಕಿದ ಕಾಗದದ ಪ್ರತಿಯೊಂದು ಅವರ ಪೆಟ್ಟಿಗೆಯಲ್ಲೇ ಇತ್ತು. ಅವರು ತೋರಿಸಲಿಲ್ಲ, ನಾನು ಕೇಳಲಿಲ್ಲ. ಒಂದೂವರೆ ವರ್ಷದ ಬಳಿಕ ಬೇರಾವುದೋ ಕಾರಣಕ್ಕೆ ಪೆಟ್ಟಿಗೆ ತೆರೆದಾಗ ಅದು ನನ್ನ ಕೈಗೆ ಬಂತು. ಅದರ ಶಿರೋನಾಮೆ 'ಮುಖಾಲಸ'. ನನ್ನೆಲ್ಲ 'ಹುಕೂಕ್' ಅನ್ನು ಸ್ವೀಕರಿಸಿದ್ದೇನೆ, ಸಂಸ್ಥೆಯಿಂದ ನನಗೆ ಇನ್ನೇನೂ ಬರಬೇಕಾಗಿಲ್ಲ ಎಂಬುದು ಅದರ ಸಾರಾಂಶ.

ಹುಕೂಕ್! ಮದ್ರಸದ ಮೊದಲ ವರ್ಷದ ಮಗುವಿಗೂ ಗೊತ್ತಿರುವ ಪದ. ಕನ್ನಡದ 'ಹಕ್ಕು' ಬಂದಿರುವುದೂ ಅದೇ ಮೂಲದಿಂದ. ಸೌದಿಯ ಕಾರ್ಮಿಕ ಕಾನೂನಿನಂತೆ ಮೊದಲ ಐದು ವರ್ಷಗಳಿಗೆ ತಲಾ ಅರ್ಧ ತಿಂಗಳ, ಅನಂತರದ ಪ್ರತಿ ವರ್ಷಕ್ಕೆ ಒಂದು ತಿಂಗಳ ವೇತನ ಸೇವಾಂತ್ಯದಲ್ಲಿ ಸಲ್ಲಬೇಕು. 19 ವರ್ಷಕ್ಕೆ ಅದು ಹದಿನಾರೂವರೆ ತಿಂಗಳ ಸಂಬಳವಾಗುತ್ತದೆ. ದೂರು ಕೊಡಬಹುದಿತ್ತಲ್ಲ ಎಂದು ಕೇಳಬಹುದು. ಕೆಲಸ ಮುಗಿದ 12 ತಿಂಗಳೊಳಗೆ ಹಕ್ಕು ಮಂಡಿಸಬೇಕೆಂಬುದೂ ಅದೇ ಕಾನೂನಿನಲ್ಲಿದೆ. ನಾನು ಆ ಹಾಳೆಯನ್ನು ಓದುವಾಗ ಅವಧಿ ಮೀರಿ ಆರು ತಿಂಗಳಾಗಿತ್ತು. ಈ ವಿಷಯವನ್ನು ಮಾವನಿಗೆ ನಾನು ಹೇಳಲಿಲ್ಲ. ಅವರ ಸಂತೃಪ್ತಿಯನ್ನು ಕಸಿಯಲು ಮನಸ್ಸಾಗಲಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅರಬಿ ದೇಶಗಳಿಗೆ ಹೋಗುವ ಇತರ ಸಮುದಾಯಗಳ ಕಾರ್ಮಿಕರಿಗೆ ಅರಬಿ ಸಂಪೂರ್ಣ ಪರಕೀಯ ಭಾಷೆ. ನಮ್ಮಲ್ಲಾದರೋ ಪ್ರತಿ ಪಟ್ಟಣದಲ್ಲೂ ಏಳೆಂಟು ವರ್ಷ ಅರಬಿ ಕಲಿತ ವಿದ್ವಾಂಸರಿದ್ದಾರೆ. ಕೊಲ್ಲಿಯ ನ್ಯಾಯಾಲಯಗಳಲ್ಲಿ ಎರಡು ಭಾಷೆಗಳ ಒಪ್ಪಂದದ ನಡುವೆ ಭಿನ್ನತೆಯಿದ್ದರೆ ಅಂಗೀಕಾರವಾಗುವುದು ಅರಬಿ ಪಾಠವೇ. ಅದನ್ನು ಓದಬಲ್ಲವರು ಮಸೀದಿಯಲ್ಲೇ ಇದ್ದಾರೆ, ಓದಿಸಿಕೊಳ್ಳಬೇಕಾದವರು ಹಿಂದಿನ ಸಫ್‌ನಲ್ಲೇ ನಿಂತಿದ್ದಾರೆ. ಇಬ್ಬರ ನಡುವೆ ಸಂಪರ್ಕವಿಲ್ಲ. ಸತ್ತವರಿಗಾಗಿ ಓದಿಸಲು ಉಸ್ತಾದರನ್ನು ಮನೆಗೆ ಕರೆಯುವ ನಾವು ಬದುಕಿರುವವನ ಒಪ್ಪಂದವನ್ನು ಓದಿಸಲು ಕರೆಯುವುದಿಲ್ಲ.

ಸಮಸ್ಯೆ ಆರಂಭವಾಗುವುದು ವಿಮಾನ ನಿಲ್ದಾಣದಲ್ಲಲ್ಲ, ನಮ್ಮ ಮನೆಯಲ್ಲಿ. ಶಾಲಾ ದಾಖಲೆಯಲ್ಲಿ 'ಮಹಮ್ಮದ್', ಆಧಾರದಲ್ಲಿ 'ಮೊಹಮ್ಮದ್', ಪಾಸ್‌ಪೋರ್ಟಿನಲ್ಲಿ 'ಮುಹಮ್ಮದ್', ನಿಕಾಹ್ ದಾಖಲೆಯಲ್ಲಿ ಬರೇ 'ಎಂ.ಡಿ.'. ನಮಗೆ ಇದೆಲ್ಲ ಒಂದೇ ಹೆಸರು. ಗಣಕಯಂತ್ರಕ್ಕೆ ನಾಲ್ವರು ಬೇರೆ ಬೇರೆ ವ್ಯಕ್ತಿಗಳು. ಕೆಲವರ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಇರುವುದು ಒಂದೇ ಪದ. 2022ರ ನವೆಂಬರಿನಲ್ಲಿ ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಸಂದರ್ಶನ ವೀಸಾದಲ್ಲಿ ಪ್ರವೇಶವಿಲ್ಲವೆಂದು ಯು.ಎ.ಇ. ಪ್ರಕಟಿಸಿದಾಗ ಎಷ್ಟು ಮನೆಗಳಲ್ಲಿ ಆತಂಕವಾಯಿತೆಂಬುದು ಓದುಗರಿಗೆ ನೆನಪಿರಬಹುದು. ಮಗು ಹುಟ್ಟಿದ ದಿನವೇ ಪೂರ್ಣ ಹೆಸರನ್ನು ನಿರ್ಧರಿಸಿ, ಎಲ್ಲ ಕಡೆ ಒಂದೇ ಅಕ್ಷರಗಳಲ್ಲಿ ಬರೆಸುವುದಕ್ಕೆ ಹಣ ಖರ್ಚಿಲ್ಲ. ಬೇಕಾಗಿರುವುದು ಎಚ್ಚರ ಮಾತ್ರ.

ನಿಕಾಹ್‌ನ ವಿಷಯವಂತೂ ಇನ್ನೂ ಗಂಭೀರ. ಪತ್ನಿಯನ್ನು ಕರೆಸಿಕೊಳ್ಳಲು ದೃಢೀಕೃತ ವಿವಾಹ ಪ್ರಮಾಣಪತ್ರ ಬೇಕು. ನಮ್ಮಲ್ಲಿರುವುದು ಜಮಾಅತಿನ ರಿಜಿಸ್ಟರಿನ ಒಂದು ಸಾಲು. ಈ ತೊಂದರೆಯನ್ನು ನೀಗಿಸಲೆಂದು 2023ರ ಆಗಸ್ಟಿನಲ್ಲಿ ರಾಜ್ಯ ಸರಕಾರವು ವಕ್ಫ್ ಮಂಡಳಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರ ಕೊಟ್ಟಿತು. 2024ರ ನವೆಂಬರಿನಲ್ಲಿ ರಾಜ್ಯ ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಅದರ ಸರಿತಪ್ಪುಗಳನ್ನು ನ್ಯಾಯಾಲಯ ಪರಿಶೀಲಿಸಲಿ. ಆದರೆ ರಾಜ್ಯದಲ್ಲಿ ವಿವಾಹ ನೋಂದಣಿಯ ಕಾಯ್ದೆ 1976ರಷ್ಟು ಹಳೆಯದು. ಧರ್ಮಭೇದವಿಲ್ಲದೆ ಎಲ್ಲ ವಿವಾಹಗಳೂ ನೋಂದಣಿಯಾಗಬೇಕೆಂದು ಸುಪ್ರೀಮ್ ಕೋರ್ಟು 2006ರಲ್ಲೇ ನಿರ್ದೇಶಿಸಿದೆ. ಮದುವೆಯ ಊಟಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು ನೋಂದಣಿ ಕಚೇರಿಗೆ ಅರ್ಧ ದಿನ ಮೀಸಲಿಡಲಾರೆವೇ? ಇದು ಕೇವಲ ವೀಸಾದ ಪ್ರಶ್ನೆಯಲ್ಲ. ಗಂಡ ಪರದೇಶದಲ್ಲಿ ತೀರಿಕೊಂಡರೆ ತಾನು ಅವನ ಪತ್ನಿಯೆಂದು ಸಾಬೀತುಪಡಿಸುವ ಹೊಣೆ ಬೀಳುವುದು ಇದ್ದತ್‌ನಲ್ಲಿ ಕುಳಿತ ಆ ಹೆಣ್ಣುಮಗಳ ಮೇಲೆ.

ಶೈಕ್ಷಣಿಕ ಪ್ರಮಾಣಪತ್ರಗಳ ದೃಢೀಕರಣದಲ್ಲೂ ಅಜ್ಞಾನಕ್ಕೆ ಬೆಲೆ ತೆರುತ್ತಿದ್ದೇವೆ. ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ಆಯಾ ದೇಶದ ದೂತಾವಾಸ - ಹೀಗೆ ಮೂರು ಹಂತಗಳ ಮುದ್ರೆ ಹಳೆಯ ಕ್ರಮ. ಆದರೆ ಅಪಾಸ್ಟಿಲ್ ಒಡಂಬಡಿಕೆಗೆ ಭಾರತ 2005ರಲ್ಲಿ ಸೇರಿದೆ. ಒಮಾನ್ 2012ರಲ್ಲಿ, ಬಹ್ರೈನ್ 2013ರಲ್ಲಿ, ಸೌದಿ 2022ರಲ್ಲಿ ಅದರ ವ್ಯಾಪ್ತಿಗೆ ಬಂದವು. ಆ ದೇಶಗಳಿಗೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಇದ್ದರೆ ದೂತಾವಾಸದ ಮುದ್ರೆಯ ಅಗತ್ಯವಿರುವುದಿಲ್ಲ. ಇದನ್ನರಿಯದವರಿಂದ ಇಲ್ಲದ ಮುದ್ರೆಗೂ ಹಣ ವಸೂಲು ಮಾಡುವ ಮಧ್ಯವರ್ತಿಗಳಿದ್ದಾರೆ.

ಕುಟುಂಬ ಸಮೇತ ನೆಲೆಸಿದವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. 2004ರ ಡಿಸೆಂಬರ್ 3ರ ಬಳಿಕ ವಿದೇಶದಲ್ಲಿ ಜನಿಸಿದ ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಅವಧಿ ಮೀರಿದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ. ಅಲ್ಲಿನ ಆಸ್ಪತ್ರೆಯ ಜನನಪತ್ರ ಕೈಯಲ್ಲಿದೆಯೆಂದು ಸುಮ್ಮನಿರುವವರು, ಮಗುವಿನ ಪೌರತ್ವವನ್ನೇ ಪ್ರಶ್ನೆಯಾಗಿಸುತ್ತಿದ್ದಾರೆಂಬುದನ್ನು ಮರೆಯಬಾರದು. 2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಅಂಗೀಕಾರವಾಗಿ, ಅದರ ಬೆನ್ನಿಗೆ ಪೌರತ್ವ ನೋಂದಣಿಯ ಮಾತು ಕೇಳಿಬಂದಾಗ ನಾವು ದಾಖಲೆ ಸರಿಪಡಿಸಲು ಸಾಲುಗಟ್ಟಿ ನಿಂತೆವು. ಭಯ ತಣ್ಣಗಾದಂತೆ ಕಡತವೂ ಕಪಾಟಿನ ಮೂಲೆ ಸೇರಿತು. ಭಯವಿದ್ದಾಗ ಮಾತ್ರ ಎಚ್ಚರಗೊಳ್ಳುವುದು ಸಮುದಾಯಕ್ಕೆ ಭೂಷಣವಲ್ಲ.

ಹಾಗೆಂದು ಸರಕಾರ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಅನಿವಾಸಿಗಳು ಕಳುಹಿಸುವ ಹಣದ ಬಗ್ಗೆ ಹೆಮ್ಮೆಯಿಂದ ಮಾತಾಡುವ ಆಳುವವರು, ಕಳುಹಿಸುವವನ ಸ್ಥಿತಿಯ ಬಗ್ಗೆ ಅಷ್ಟೇ ಆಸಕ್ತಿ ತೋರುತ್ತಿದ್ದಾರೆಯೇ? ನೋಂದಾಯಿತ ನೇಮಕಾತಿ ಏಜೆಂಟನು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಪಡೆಯುವಂತಿಲ್ಲ ಎಂಬ ನಿಯಮವಿದೆ. ಅದರ ಹಲವು ಪಟ್ಟು ತೆತ್ತವರು ನಮ್ಮ ಬೀದಿಗಳಲ್ಲಿಲ್ಲವೇ? ಹತ್ತನೇ ತರಗತಿ ದಾಟದ, ಇ.ಸಿ.ಆರ್. ಪಾಸ್‌ಪೋರ್ಟಿನ ಬಡವನಿಗೆ ವಲಸೆ ಅನುಮತಿ ಕಡ್ಡಾಯ. ಕೆಲವೇ ನೂರು ರೂಪಾಯಿ ಕಂತಿನ, 10 ಲಕ್ಷ ರೂಪಾಯಿಯ ವಿಮೆಯೂ ಅದರೊಂದಿಗಿದೆ. ಏಜೆಂಟನು ಅವನನ್ನು ಸಂದರ್ಶನ ವೀಸಾದಲ್ಲಿ ಸಾಗಿಸಿದಾಗ ಅನುಮತಿಯೂ ಇಲ್ಲ, ವಿಮೆಯೂ ಇಲ್ಲ. ನೆರೆಯ ಕೇರಳ 1996ರಲ್ಲೇ ಅನಿವಾಸಿಗಳಿಗಾಗಿ ಪ್ರತ್ಯೇಕ ಇಲಾಖೆ ತೆರೆಯಿತು. ನಮ್ಮ ರಾಜ್ಯದ ಅನಿವಾಸಿ ಭಾರತೀಯ ಸಮಿತಿಯ ಹೆಸರು ಸಾಮಾನ್ಯ ಕಾರ್ಮಿಕನ ಕಿವಿಗೆ ಬಿದ್ದಿದೆಯೇ? ನಮ್ಮ ಜನಪ್ರತಿನಿಧಿಗಳು ಮತ ಕೇಳಲು ಬರುವಾಗ ಈ ಪ್ರಶ್ನೆಯನ್ನು ನಾವು ಕೇಳಬೇಕು.

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ಕೈಕಟ್ಟಿ ಕೂರಬೇಕೆಂದಿಲ್ಲ. ಪ್ರತಿ ಜಮಾಅತ್ ವಾರಕ್ಕೊಂದು ದಿನ ಇಶಾ ನಮಾಝಿನ ಬಳಿಕ ಒಂದು ಗಂಟೆ ಮೀಸಲಿಡಲಿ. ಅರಬಿ ಬಲ್ಲ ಒಬ್ಬ ಆಲಿಮ್, ಇಂಗ್ಲಿಷ್ ಬಲ್ಲ ಒಬ್ಬ ಪದವೀಧರ, ಕೊಲ್ಲಿಯಿಂದ ಮರಳಿದ ಒಬ್ಬ ಅನುಭವಿ - ಈ ಮೂವರು ಕುಳಿತರೆ ಸಾಕು. ಹೊರಡುವವನ ಹೆಸರು, ಒಪ್ಪಂದ, ವೀಸಾದ ವಿಧ, ಏಜೆಂಟನ ನೋಂದಣಿ ಇವಿಷ್ಟನ್ನು ಪರಿಶೀಲಿಸಲಿ. ಸಂಕಷ್ಟದಲ್ಲಿರುವವನಿಗೆ 2015ರಲ್ಲಿ ವಿದೇಶಾಂಗ ಸಚಿವಾಲಯ ಆರಂಭಿಸಿದ 'ಮದದ್' ವ್ಯವಸ್ಥೆಯಲ್ಲಿ ದೂರು ದಾಖಲಿಸಲು ನೆರವಾಗಲಿ. ಮೃತದೇಹ ಊರಿಗೆ ತರಲು, ನಿರ್ಗತಿಕನನ್ನು ಮರಳಿಸಲು 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ನಾವು ಚಂದಾ ಎತ್ತಲು ಹೊರಡುವ ಮೊದಲು ಅದರ ಬಾಗಿಲು ತಟ್ಟಬೇಡವೇ?

ಮದ್ರಸಗಳೂ ಕೊನೆಯ ವರ್ಷದಲ್ಲಿ ಒಂದು ತಿಂಗಳನ್ನು ಒಪ್ಪಂದ, ಇಖಾಮ, ರಾಜೀನಾಮೆ, ಮುಖಾಲಸಗಳನ್ನು ಓದಿಸಲು ಮೀಸಲಿಡಲಿ. ಪಠ್ಯಕ್ರಮ ಕೆಡುತ್ತದೆಂದು ಯಾರೂ ಹೆದರಬೇಕಾಗಿಲ್ಲ. ಒಪ್ಪಂದ, ಕೂಲಿ, ಹಕ್ಕುಬಾಧ್ಯತೆಗಳ ಅಧ್ಯಾಯಗಳು ಫಿಕ್ಹ್ ಗ್ರಂಥಗಳಲ್ಲಿ ಈಗಾಗಲೇ ಇವೆ. ಅವುಗಳ ಇಂದಿನ ರೂಪ ಪರಿಚಯವಾಗಬೇಕು, ಅಷ್ಟೇ.

ಮನೆಯ ಮಹಿಳೆಯರಲ್ಲಿ ಒಂದು ವಿನಂತಿ. ಪತಿಯ ಪಾಸ್‌ಪೋರ್ಟ್, ವೀಸಾ, ಒಪ್ಪಂದ, ಬ್ಯಾಂಕ್ ಖಾತೆಯ ನಾಮನಿರ್ದೇಶನ, ವಿಮೆ ಇವುಗಳ ಪ್ರತಿಗಳು ನಿಮ್ಮ ಕೈಯಲ್ಲಿರಲಿ. ಅದನ್ನು ಕೇಳುವುದು ಅವಿಶ್ವಾಸವಲ್ಲ. ಸಂಬಂಧಿಯೇ ಏಜೆಂಟನಾಗಿದ್ದರೂ ಬರಹದಲ್ಲಿ ಪಡೆಯುವುದು ಅವಮಾನವಲ್ಲ.

ಆ ಯುವಕನ ವಿಷಯಕ್ಕೆ ಮರಳೋಣ. ಅವನ ಕೈಯಲ್ಲಿದ್ದುದು ಏಜೆಂಟನ ಕಚೇರಿಯಲ್ಲಿ ಟೈಪಿಸಿದ ಕಾಗದ. ಯು.ಎ.ಇ.ಯಲ್ಲಿ 2016ರಿಂದ ಕಾರ್ಮಿಕ ಸಚಿವಾಲಯದ ಅಧಿಕೃತ ನಮೂನೆಯ ನೇಮಕಾತಿ ಪತ್ರಕ್ಕೆ ಸಹಿ ಪಡೆಯಬೇಕು. ಅರಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು. ಉರ್ದು, ಹಿಂದಿ, ಮಲಯಾಳಂಗಳಲ್ಲಿ ಅದು ಲಭ್ಯ. "ಅದನ್ನು ಕೇಳು" ಎಂದೆ. ಕೇಳಿದಾಗ ಏಜೆಂಟನು "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಸಿಡುಕಿದನಂತೆ. ಹುಡುಗನ ತಾಯಿ ಪಟ್ಟು ಬಿಡಲಿಲ್ಲ. ಪ್ರಯಾಣ ಎರಡು ವಾರ ಮುಂದಕ್ಕೆ ಹೋಯಿತು, ಪತ್ರ ಬಂತು. ಅದರಲ್ಲಿ ಮೂಲವೇತನ 1,600 ಎಂದಿತ್ತು. 2,500 ಆಗಲಿಲ್ಲ, ಆದರೆ 1,000ವೂ ಆಗಿರಲಿಲ್ಲ. ಅದನ್ನು ಉರ್ದುವಿನಲ್ಲಿ ಓದಿ, ತಾಯಿಗೂ ಓದಿ ಹೇಳಿ ಅವನು ಸಹಿ ಹಾಕಿದ.

ಮುಂದಿನ ಶುಕ್ರವಾರ ನಿಮ್ಮ ಮಹಲ್ಲಾದ ಮಸೀದಿಯಲ್ಲಿ ಒಮ್ಮೆ ವಿಚಾರಿಸಿ ನೋಡಿ. ಈ ತಿಂಗಳು ಹೊರಡಲಿರುವ ಹುಡುಗರು ಎಷ್ಟು ಮಂದಿಯಿದ್ದಾರೆ? ಅವರ ಕಾಗದವನ್ನು ಓದಿದವರು ಯಾರು?